ನ್ಯೂಜೆರ್ಸಿಯಲ್ಲಿ ಗಾಂಜಾ ತಪ್ಪಲ್ಲ, ಗ್ರೀನ್ ಕಾರ್ಡ್ ಅರ್ಜಿಯಲ್ಲಿ ತಪ್ಪು

ಪ್ರಶ್ನೆ: ನಾನು ಮೈಸೂರಿನವನು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಹೆಂಡತಿ ನನ್ನನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿದ್ದಾಳೆ, ಮಗ ಇಲ್ಲೇ ಹುಟ್ಟಿದವನು. ವರ್ಷಗಟ್ಟಲೆ ಕಾದ ಮೇಲೆ ಈಗ ಗ್ರೀನ್ ಕಾರ್ಡ್ ಸರದಿ ಬಂದಿದೆ. ಕಂಪನಿಯ ವಕೀಲರು ಐ-485 ಅರ್ಜಿಯನ್ನು ಸಹಿಗೆ ಕಳಿಸಿದ್ದಾರೆ. ಮೆಡಿಕಲ್ ಪರೀಕ್ಷೆಗೂ ದಿನ ಗೊತ್ತಾಗಿದೆ. ಹಿಂದೆ ಗೆಳೆಯರ ಜೊತೆ ಕೊಲರಾಡೊದ ಡೆನ್ವರ್‌ಗೆ ಹೋದಾಗ ಗಾಂಜಾ ಬೆರೆಸಿದ ಗಮ್ಮಿ ಮಿಠಾಯಿ ತಿಂದಿದ್ದೆ. ಕಳೆದ ವರ್ಷ ನಿದ್ದೆ ಬರುತ್ತಿರಲಿಲ್ಲವೆಂದು ಇಲ್ಲಿನ ಲೈಸೆನ್ಸ್ ಇರುವ ಅಂಗಡಿಯಿಂದ ಎರಡು ಸಲ ಕೊಂಡು ತಂದಿದ್ದೆ. ಎರಡೂ ರಾಜ್ಯದಲ್ಲಿ ಇದು ಕಾನೂನುಬದ್ಧ. ಆದರೂ ಅರ್ಜಿಯಲ್ಲಿ ಡ್ರಗ್ಸ್ ಬಗ್ಗೆ ಇರುವ ಪ್ರಶ್ನೆ ನೋಡಿ ಕೈ ನಡುಗುತ್ತಿದೆ. "ಮೆಡಿಕಲ್ ಮರಿಜುವಾನಾ ಕಾರ್ಡ್ ಮಾಡಿಸಿಕೋ, ಆಮೇಲೆ ಅದು ಔಷಧಿ ಆಗುತ್ತೆ" ಎಂದು ಡಲ್ಲಾಸ್‌ನ ಗೆಳೆಯ ಹೇಳುತ್ತಾನೆ. ಮುಂದಿನ ತಿಂಗಳು ಅಮ್ಮ ಬರುತ್ತಿದ್ದಾರೆ. ಅವರ ಮಂಡಿನೋವಿಗೆ ಅದೇ ಅಂಗಡಿಯ ಗಾಂಜಾ ಕ್ರೀಮ್ ಕೊಡಿಸಿ, ಊರಿಗೂ ಕಳಿಸಬಹುದೇ? ನಮ್ಮಲ್ಲಿ ಭಂಗಿ ಮಾರುತ್ತಾರಲ್ಲ?

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಭಯ ಒಂದೇ. ರಾಜ್ಯ ಬಿಟ್ಟಿದ್ದನ್ನು ಮಾಡಿದ ನನಗೆ ದೇಶ ಶಿಕ್ಷೆ ಕೊಡುತ್ತದೆಯೇ ಎಂಬುದು. ಕೊಡಬಹುದು. ಆದರೆ ನೀವು ಇನ್ನೂ ಸಹಿ ಹಾಕಿಲ್ಲ, ಡಾಕ್ಟರ ಮುಂದೆ ಕೂತಿಲ್ಲ. ಹಾಗಾಗಿ ಸರಿಯಾಗಿ ಹೆಜ್ಜೆ ಇಡಲು ಸಮಯವಿದೆ. ಅಮೆರಿಕದ ವಲಸೆ ಕಾನೂನಿನ ವಕೀಲನಾಗಿ ಈ ಪ್ರಶ್ನೆ ನನಗೆ ಹೊಸದಲ್ಲ. ಕೇಳುವವರಲ್ಲಿ ಜಾಸ್ತಿ ಜನ ನಿಮ್ಮ ಹಾಗೆಯೇ ಒಂದು ಟ್ರಾಫಿಕ್ ಟಿಕೆಟ್ ಕೂಡ ಇಲ್ಲದವರು.

ಮೊದಲು ಮೂಲದ ಗೊಂದಲ ಬಿಡಿಸೋಣ. ನಮ್ಮ ದೇಶದಲ್ಲಿ ಮದ್ಯ ರಾಜ್ಯಕ್ಕೆ ಬಿಟ್ಟ ವಿಷಯ. ಗುಜರಾತ್ ನಿಷೇಧಿಸಿದೆ, ಕರ್ನಾಟಕ ನಿಷೇಧಿಸಿಲ್ಲ. ಕರ್ನಾಟಕದಲ್ಲಿ ಕುಡಿದವನನ್ನು ದೆಹಲಿ ಬಂದು ಹಿಡಿಯುವುದಿಲ್ಲ. ಅಮೆರಿಕದ ಗಾಂಜಾ ಹಾಗಲ್ಲ. ಇಲ್ಲಿ ಕೇಂದ್ರ, ಅಂದರೆ ಫೆಡರಲ್ ಸರ್ಕಾರದ ನಿಷೇಧ ಇನ್ನೂ ಇದೆ. 1970ರ ನಿಯಂತ್ರಿತ ವಸ್ತುಗಳ ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆ ಅತಿ ಕಟ್ಟುನಿಟ್ಟಿನ ಮೊದಲನೇ ಪಟ್ಟಿಗೆ ಸೇರಿಸಿತು. ಆ ಕಾಯ್ದೆಯನ್ನು ಯಾವ ರಾಜ್ಯವೂ ರದ್ದು ಮಾಡಲಾರದು. ಕ್ಯಾಲಿಫೋರ್ನಿಯಾ 1996ರಲ್ಲಿ ರೋಗಿಗಳಿಗೆ ಬಿಟ್ಟಿತು. ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು 2012ರಲ್ಲಿ ಮೋಜಿನ ಬಳಕೆಗೂ ಒಪ್ಪಿದರು. ಈಗ 24 ರಾಜ್ಯಗಳಲ್ಲಿ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ 21 ದಾಟಿದವರು ಇಟ್ಟುಕೊಳ್ಳಬಹುದು. ಈ ರಾಜ್ಯಗಳು ಮಾಡಿದ್ದು ಇಷ್ಟೇ: "ನಮ್ಮ ಪೊಲೀಸರು, ನಮ್ಮ ಕೋರ್ಟು ನಿಮ್ಮನ್ನು ಮುಟ್ಟುವುದಿಲ್ಲ" ಎಂದವು. ಫೆಡರಲ್ ಅಧಿಕಾರಿಯ ಪರವಾಗಿ ಆ ಮಾತು ಕೊಡುವ ಅಧಿಕಾರ ಅವುಗಳಿಗಿಲ್ಲ.

ಇದನ್ನು ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ ಗೊನ್ಸಾಲೆಸ್ ವಿರುದ್ಧ ರೈಚ್ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. ಕ್ಯಾಲಿಫೋರ್ನಿಯಾದ ಡಯೇನ್ ಮಾನ್ಸನ್ ಎಂಬ ರೋಗಿ ಡಾಕ್ಟರ ಸಲಹೆಯಂತೆ ಮನೆಯಲ್ಲೇ 6 ಗಿಡ ಬೆಳೆಸಿಕೊಂಡಿದ್ದರು. ಕೌಂಟಿ (ಜಿಲ್ಲೆ) ಅಧಿಕಾರಿಗಳು ಬಂದು ನೋಡಿ, ರಾಜ್ಯದ ಕಾನೂನಿನಂತೆ ಸರಿಯಾಗಿದೆ ಎಂದರು. ಅವರ ಜೊತೆಗೇ ಬಂದಿದ್ದ ಫೆಡರಲ್ ಏಜೆಂಟರು ಆ 6 ಗಿಡಗಳನ್ನೂ ಕಿತ್ತು ನಾಶ ಮಾಡಿದರು. ಫೆಡರಲ್ ಸರ್ಕಾರಕ್ಕೆ ಆ ಅಧಿಕಾರವಿದೆ ಎಂದೇ ಕೋರ್ಟ್ ಹೇಳಿತು. ಇವತ್ತು ಫೆಡರಲ್ ಏಜೆಂಟರು ಮನೆಮನೆಗೆ ಹೋಗುವುದಿಲ್ಲ, ನಿಜ. ಅಮೆರಿಕದ ಪ್ರಜೆಗೆ ಈ ಕಾನೂನು ದಿನನಿತ್ಯ ತಾಗುವುದೂ ಇಲ್ಲ. ನಿಮ್ಮ ಸ್ಥಿತಿ ಬೇರೆ. ನಿಮ್ಮ ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲವನ್ನೂ ನಿರ್ಧರಿಸುವವರು ಫೆಡರಲ್ ಅಧಿಕಾರಿಗಳೇ. ಅವರ ಮೇಜಿನ ಮೇಲೆ ನ್ಯೂಜೆರ್ಸಿಯ ಕಾನೂನು ಪುಸ್ತಕ ಇರುವುದಿಲ್ಲ.

ಈಗ ಮೆಡಿಕಲ್ ಕಾರ್ಡ್. ನಿಮ್ಮ ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಆ ಸಲಹೆ ನಿಮಗೆ ಅಪಾಯ. ಕಾರ್ಡ್ ಮಾಡಿಸಿಕೊಟ್ಟ ಡಾಕ್ಟರು ಔಷಧಿ ಚೀಟಿ ಬರೆಯುವುದಿಲ್ಲ. ಬರೆಯಲು ಫೆಡರಲ್ ಕಾನೂನು ಬಿಡುವುದಿಲ್ಲ. "ಈ ರೋಗಿಗೆ ಇದು ಉಪಯೋಗವಾಗಬಹುದು" ಎಂದು ಶಿಫಾರಸು ಮಾಡುತ್ತಾರೆ, ಅಷ್ಟೇ. ರಾಜ್ಯ ಅದನ್ನು ನೋಡಿ ನಿಮ್ಮನ್ನು ತನ್ನ ಪಟ್ಟಿಗೆ ಸೇರಿಸುತ್ತದೆ. ಫೆಡರಲ್ ಅಧಿಕಾರಿಯ ಕಣ್ಣಿಗೆ ಅದು ನಿಮ್ಮದೇ ಸಹಿ ಇರುವ ತಪ್ಪೊಪ್ಪಿಗೆಯ ಹಾಗೆ ಕಾಣಬಹುದು. ನಿಜವಾದ ಚೀಟಿ ಬರೆದು ಕೊಡುವ ಔಷಧಿಗಳೂ ಇವೆ. 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಎಪಿಡಯೊಲೆಕ್ಸ್ ಅಪಸ್ಮಾರಕ್ಕೆ ಕೊಡುವ ಸಿಬಿಡಿ (ಗಾಂಜಾ ಗಿಡದ ನಶೆ ಏರಿಸದ ಅಂಶ) ಔಷಧಿ. ಕೀಮೋ ವಾಂತಿಗೆ ಕೊಡುವ ಡ್ರೊನಾಬಿನಾಲ್ ಪ್ರಯೋಗಾಲಯದಲ್ಲಿ ಮಾಡಿದ ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ನಶೆ ಏರಿಸುವ ಅಂಶ. ಇವು ಮಾಮೂಲಿ ಫಾರ್ಮಸಿಯಲ್ಲಿ ಸಿಗುತ್ತವೆ, ವಲಸೆ ಕಾನೂನಿಗೂ ತೊಂದರೆ ಇಲ್ಲ. ನಿದ್ದೆಗೆ ಇವನ್ನು ಕೊಡುವುದಿಲ್ಲ. ನಿದ್ದೆಯ ತೊಂದರೆ ಇನ್ನೂ ಇದ್ದರೆ ನಿಮ್ಮ ಡಾಕ್ಟರ ಹತ್ತಿರ ಬೇರೆ ದಾರಿಗಳಿವೆ, ಕೇಳಿ.

"ಗಾಂಜಾವನ್ನು ಮೂರನೇ ಪಟ್ಟಿಗೆ ಇಳಿಸುತ್ತಾರಂತಲ್ಲ, ಆಮೇಲೆ ಸರಿಹೋಗುತ್ತೆ ಅಲ್ವಾ?" ಎಂದೂ ಹಲವರು ಕೇಳುತ್ತಾರೆ. ಆ ಪ್ರಸ್ತಾಪವನ್ನು ಫೆಡರಲ್ ನ್ಯಾಯ ಇಲಾಖೆ 2024ರ ಮೇ ತಿಂಗಳಲ್ಲಿ ಹೊರಡಿಸಿತು. ಆದರೆ ವಲಸೆ ಕಾಯ್ದೆ "ನಿಯಂತ್ರಿತ ವಸ್ತು" ಎಂದಷ್ಟೇ ಹೇಳುತ್ತದೆ, ಯಾವ ಪಟ್ಟಿ ಎಂದು ಕೇಳುವುದಿಲ್ಲ. ಪಟ್ಟಿಯ ನಂಬರ್ ಬದಲಾದ ಮಾತ್ರಕ್ಕೆ ನಿಮ್ಮ ಸಮಸ್ಯೆ ಹೋಗುವುದಿಲ್ಲ. ಅಧ್ಯಕ್ಷ ಬೈಡನ್ 2022ರ ಅಕ್ಟೋಬರ್ 6ರಂದು ಕೊಟ್ಟ ಕ್ಷಮಾದಾನವೂ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಚ್-1ಬಿಯವರು ಅದರಲ್ಲಿ ಇರಲಿಲ್ಲ.

ಇನ್ನು ನಿಮ್ಮ ಕೈ ನಡುಗಿಸಿದ ಪ್ರಶ್ನೆಗೆ ಬರೋಣ. ಯಾವುದೇ ರಾಜ್ಯದ, ಅಮೆರಿಕದ ಅಥವಾ ಬೇರೆ ದೇಶದ ನಿಯಂತ್ರಿತ ವಸ್ತುಗಳ ಕಾನೂನನ್ನು ಎಂದಾದರೂ ಮೀರಿದ್ದೀರಾ ಎಂದು ಐ-485 ಕೇಳುತ್ತದೆ. ಅರೆಸ್ಟ್ ಆಗಿದ್ದೀರಾ ಎಂದಲ್ಲ, ಮೀರಿದ್ದೀರಾ ಎಂದು. ಎಲ್ಲರೂ ಎಡವುವುದು ಇಲ್ಲೇ. ಹೆಚ್ಚಿನ ಅಪರಾಧಗಳಲ್ಲಿ ಶಿಕ್ಷೆ ಆಗಿದ್ದರೆ ಮಾತ್ರ ವಲಸೆಗೆ ತೊಂದರೆ ಎಂದು ಜನ ತಿಳಿದಿರುತ್ತಾರೆ. ಡ್ರಗ್ಸ್ ವಿಷಯದಲ್ಲಿ ಕೇಸಿಲ್ಲದೆ, ಪೊಲೀಸಿಲ್ಲದೆ, ನಿಮ್ಮ ಬಾಯಿಂದ ಬಂದ ಒಪ್ಪಿಗೆಯೇ ಗ್ರೀನ್ ಕಾರ್ಡ್ ನಿಲ್ಲಿಸಬಲ್ಲದು.

ಸುಮ್ನೆ ಹೇಳಿದ್ದೆಲ್ಲ ಒಪ್ಪಿಗೆ ಆಗುವುದಿಲ್ಲ ಎಂಬುದೂ ನಿಮಗೆ ಗೊತ್ತಿರಬೇಕು. 1957ರಲ್ಲೇ ವಲಸೆ ಮೇಲ್ಮನವಿ ಮಂಡಳಿ ಒಂದು ನಿಯಮ ಹಾಕಿತು. ಆ ಅಪರಾಧ ಎಂದರೇನು, ಅದರಲ್ಲಿ ಏನೇನು ಅಂಶಗಳಿವೆ ಎಂದು ಅಧಿಕಾರಿ ಮೊದಲು ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಆಮೇಲೆ ವ್ಯಕ್ತಿ ಒತ್ತಾಯವಿಲ್ಲದೆ ಒಪ್ಪಬೇಕು. ಈ ರಕ್ಷಣೆ ಒಳ್ಳೆಯದೇ, ಆದರೆ ಇದನ್ನೇ ನಂಬಿ ಕೂರಬೇಡಿ. ಫಿಲಿಪೀನ್ಸ್‌ನ ಒಬ್ಬರು ವೀಸಾದ ಮೆಡಿಕಲ್ ಪರೀಕ್ಷೆಯಲ್ಲಿ ಡಾಕ್ಟರ ಮುಂದೆ, ಹಿಂದೆ ಗಾಂಜಾ ಸೇದಿದ್ದೆ ಎಂದಿದ್ದರು. 2002ರಲ್ಲಿ ಪಶ್ಚಿಮದ ರಾಜ್ಯಗಳಿಗೆ ಸೇರಿದ ಒಂಬತ್ತನೇ ವಲಯದ ಫೆಡರಲ್ ಮೇಲ್ಮನವಿ ಕೋರ್ಟ್ ಅದನ್ನೂ ಒಪ್ಪಿಗೆ ಎಂದೇ ಎಣಿಸಿತು. ಆ ತೀರ್ಪು ನ್ಯೂಜೆರ್ಸಿಯನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೆ ಮೆಡಿಕಲ್ ಕೋಣೆಯಲ್ಲಿ ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಎಂದು ತೋರಿಸುತ್ತದೆ. ಮೆಡಿಕಲ್ ಪರೀಕ್ಷೆಯ ಐ-693 ಫಾರಂ ತುಂಬುವ ಸಿವಿಲ್ ಸರ್ಜನ್, ಅಂದರೆ ವಲಸೆ ಇಲಾಖೆ ಗೊತ್ತು ಮಾಡಿದ ಡಾಕ್ಟರು, ನಿಮ್ಮ ಫ್ಯಾಮಿಲಿ ಡಾಕ್ಟರ್ ಅಲ್ಲ. ಅವರು ಬರೆದದ್ದು ಸರ್ಕಾರಕ್ಕೇ ಹೋಗುತ್ತದೆ. ಚಟ ಅಥವಾ ದುರ್ಬಳಕೆ ಎಂದು ಅವರು ಬರೆದರೆ, ಸಾಮಾನ್ಯವಾಗಿ 12 ತಿಂಗಳು ಪೂರ್ತಿ ಬಿಟ್ಟಿದ್ದನ್ನು ತೋರಿಸಿ ಮತ್ತೆ ಪರೀಕ್ಷೆಗೆ ಬರಬೇಕಾಗುತ್ತದೆ.

ಹಾಗಾದರೆ ದಾರಿ ಯಾವುದು?

"ಇಲ್ಲ" ಎಂದು ಟಿಕ್ ಮಾಡಿ ಮುಗಿಸಿಬಿಡೋಣ ಎಂಬ ಯೋಚನೆ ನಿಮಗೆ ಬಂದಿರಬಹುದು. ದಯವಿಟ್ಟು ಬೇಡ. ಕೆಲಸ ಆಗಬೇಕೆಂದು ಸುಳ್ಳು ಹೇಳಿದರೆ ಅದು ವಂಚನೆ. ವಂಚನೆಗೆ ಜೀವನಪೂರ್ತಿ ತಡೆ ಬೀಳುತ್ತದೆ. ಆ ತಡೆಗೆ ವಿನಾಯಿತಿ ಕೇಳಬೇಕಾದರೆ ನಿಮ್ಮ ಗಂಡ ಅಥವಾ ಹೆಂಡತಿ, ಇಲ್ಲವೇ ತಂದೆ ಅಥವಾ ತಾಯಿ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇದ್ದವರೋ ಆಗಿರಬೇಕು. ನಿಮ್ಮ ಹೆಂಡತಿ ಎಚ್-4ನಲ್ಲಿದ್ದಾರೆ, ಅಮ್ಮ ಮೈಸೂರಿನಲ್ಲಿದ್ದಾರೆ. ಇಲ್ಲಿ ಹುಟ್ಟಿದ ಮಗ ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಸುಳ್ಳಿಗೆ ವಿನಾಯಿತಿಯೇ ಇಲ್ಲ. ಪೌರತ್ವದ ಅರ್ಜಿ ಎನ್-400 ಹಾಕುವಾಗ ಡ್ರಗ್ಸ್ ಪ್ರಶ್ನೆ ಮತ್ತೆ ಎದುರಾಗುತ್ತದೆ. ಹಳೆಯ ಉತ್ತರ ಫೈಲಿನಲ್ಲಿ ಕಾದು ಕೂತಿರುತ್ತದೆ.

ನಿಜ ಹೇಳಿದರೆ ಅದಕ್ಕೂ ಅಪಾಯವಿದೆ, ಆದರೆ ಅಲ್ಲಿ ಕಾನೂನು ಒಂದು ಸಣ್ಣ ಬಾಗಿಲು ಇಟ್ಟಿದೆ. 30 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಗಾಂಜಾ ಇಟ್ಟುಕೊಂಡ ಒಂದೇ ಒಂದು ಅಪರಾಧವಾದರೆ ವಿನಾಯಿತಿ ಕೇಳಬಹುದು. ಇಲ್ಲಿ ಪ್ರಜೆಯಾದ ಮಗನಿಗೆ ತೀರಾ ಕಷ್ಟವಾಗುತ್ತದೆ ಎಂದು ತೋರಿಸಲು ಅವಕಾಶವಿದೆ. ನಿಮ್ಮ ತೊಡಕು "ಒಂದೇ ಒಂದು" ಎಂಬ ಮಾತಿನಲ್ಲಿದೆ. ಡೆನ್ವರ್ ಒಂದು, ಎಡಿಸನ್ ಎರಡು ಎಂದು ಅಧಿಕಾರಿ ಬಿಡಿಬಿಡಿಯಾಗಿ ಎಣಿಸಿದರೆ ಆ ಬಾಗಿಲೂ ಮುಚ್ಚಬಹುದು. ನಿಮ್ಮ ಮನಸ್ಸಿಗೆ ಹಿತವಾಗಲಿ ಎಂದು ಇದನ್ನು ಮುಚ್ಚಿಡುವುದು ತಪ್ಪಾಗುತ್ತದೆ.

ಉತ್ತರ ಕೊಡದೆ ಇರುವುದು ಮೂರನೇ ದಾರಿ. ಅದು ಸುಳ್ಳಲ್ಲ, ನಿಮ್ಮ ಹಕ್ಕು. ಆದರೆ ಅರ್ಹತೆ ತೋರಿಸುವ ಹೊಣೆ ಅರ್ಜಿದಾರನ ಮೇಲಿರುವುದರಿಂದ, ಉತ್ತರವಿಲ್ಲ ಎಂಬ ಕಾರಣಕ್ಕೇ ಅರ್ಜಿ ತಿರಸ್ಕಾರ ಆಗಬಹುದು. ಹಾಗಾದರೂ ಜೀವನಪೂರ್ತಿ ತಡೆ ಬೀಳುವುದಿಲ್ಲ ಎಂಬುದು ದೊಡ್ಡ ವ್ಯತ್ಯಾಸ.

ಅರ್ಜಿ ಹಾಕುವುದನ್ನೇ ಸ್ವಲ್ಪ ಮುಂದೂಡಿ ಮೊದಲು ನಿಮ್ಮ ಸ್ವಂತ ವಕೀಲರನ್ನು ನೋಡುವುದು ನಾಲ್ಕನೇ ದಾರಿ. ನಿಮ್ಮ ಜಾಗದಲ್ಲಿ ಯಾರಿದ್ದರೂ ನಾನು ಇದನ್ನೇ ಮೊದಲು ಹೇಳುತ್ತೇನೆ. ಸರದಿ ಹಿಂದಕ್ಕೆ ಹೋದರೆ ಎಂಬ ಹೆದರಿಕೆ ಇರುತ್ತದೆ, ಗೊತ್ತು. ಸರದಿ ಎಲ್ಲಿಗೆ ಬಂತು ಎಂದು ಸರ್ಕಾರ ತಿಂಗಳು ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ದಿನಾಂಕ ಹಿಂದೆ ಸರಿದರೆ ಮತ್ತೆ ಕಾಯಬೇಕು, ಆದರೆ ಸರದಿಯಲ್ಲಿನ ನಿಮ್ಮ ಹಳೆಯ ದಿನಾಂಕ ನಿಮ್ಮ ಬಳಿಯೇ ಉಳಿಯುತ್ತದೆ. ತಪ್ಪು ಉತ್ತರದ ಮೇಲೆ ಹಾಕಿದ ಸಹಿಯನ್ನು ಹಾಗೆ ವಾಪಸ್ ಪಡೆಯಲು ಆಗುವುದಿಲ್ಲ. "ಸ್ವಂತ ವಕೀಲರು" ಎಂದು ಬೇಕೆಂದೇ ಹೇಳುತ್ತಿದ್ದೇನೆ. ಕಂಪನಿಯ ವಕೀಲರು ಸಾಮಾನ್ಯವಾಗಿ ಕಂಪನಿ ಮತ್ತು ನೀವು ಇಬ್ಬರ ಪರವಾಗಿಯೂ ಇರುತ್ತಾರೆ. ನೀವು ಅವರಿಗೆ ಹೇಳಿದ್ದು ಕಂಪನಿಯಿಂದ ಗುಟ್ಟಾಗಿ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ಇನ್ನೊಂದು ವಿಷಯ: ಎಷ್ಟೋ ಕಚೇರಿಗಳಲ್ಲಿ ಈ ಹೌದು-ಇಲ್ಲ ಪ್ರಶ್ನೆಗಳಿಗೆಲ್ಲ ಮೊದಲೇ "ಇಲ್ಲ" ಎಂದು ಟಿಕ್ ಮಾಡಿ ಸಹಿಗೆ ಕಳಿಸುತ್ತಾರೆ. ಸಹಿ ನಿಮ್ಮದು, ಹೊಣೆಯೂ ನಿಮ್ಮದೇ. ಒಂದೊಂದು ಸಾಲನ್ನೂ ಓದಿ.

ಇವತ್ತಿನಿಂದಲೇ ಗಾಂಜಾ ಪೂರ್ತಿ ಬಿಡಿ. ಪೌರತ್ವ ಸಿಗುವವರೆಗೂ ಮುಟ್ಟಬೇಡಿ. ಗ್ರೀನ್ ಕಾರ್ಡ್ ಬಂದ ಮೇಲೂ ಭಯವಿಲ್ಲ ಎಂದುಕೊಳ್ಳಬೇಡಿ. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಬಳಕೆ ಪೌರತ್ವಕ್ಕೆ ಬೇಕಾದ "ಒಳ್ಳೆಯ ನಡತೆ"ಗೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್ 19ರಂದು ಲಿಖಿತವಾಗಿಯೇ ಪ್ರಕಟಿಸಿತು. ಗಾಂಜಾ ಉದ್ಯಮದಲ್ಲಿ ಕೆಲಸ ಮಾಡುವುದನ್ನೂ ಅದೇ ಸಾಲಿಗೆ ಸೇರಿಸಿತು. ನಮ್ಮ ಐಟಿಯವರು ಇದನ್ನು ಗಮನಿಸಬೇಕು. ಡಿಸ್ಪೆನ್ಸರಿ, ಅಂದರೆ ಗಾಂಜಾ ಅಂಗಡಿಗಳ ಸರಣಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ಕೆಲಸ ಬಂದರೆ, ನಾನು ಗಾಂಜಾ ಮುಟ್ಟೇ ಇಲ್ಲವಲ್ಲ ಎಂದು ಒಪ್ಪಿಕೊಳ್ಳುವ ಮುಂಚೆ ವಕೀಲರನ್ನು ಕೇಳಿ. ಸಾಗಾಟಕ್ಕೆ ನೆರವು ಎಂದು ಅರ್ಥ ಮಾಡಿಕೊಂಡರೆ, ಬಳಕೆಗಿಂತ ಅದು ಬಿಡಿಸಿಕೊಳ್ಳಲು ಕಷ್ಟವಾದ ಗಂಟು.

ರಾಜ್ಯರಾಜ್ಯದ ನಡುವೆ ನಿಯಮ ಎಷ್ಟು ಬೇರೆ ಎಂದೂ ಸ್ವಲ್ಪ ತಿಳಿದಿರಲಿ. ನ್ಯೂಜೆರ್ಸಿಯಲ್ಲಿ 6 ಔನ್ಸ್‌ವರೆಗೆ (ಸುಮಾರು 170 ಗ್ರಾಂ) ಇಟ್ಟುಕೊಳ್ಳಬಹುದು, ಆದರೆ ಮನೆಯಲ್ಲಿ ಒಂದು ಗಿಡ ಬೆಳೆಸಿದರೂ ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ 28.5 ಗ್ರಾಂ ಮತ್ತು 6 ಗಿಡ. ಇಲಿನಾಯ್‌ನಲ್ಲಿ ಅಲ್ಲಿನ ನಿವಾಸಿಗೆ 30 ಗ್ರಾಂ, ಹೊರಗಿನವರಿಗೆ ಅದರ ಅರ್ಧ. ನಿಮ್ಮ ಗೆಳೆಯರಿರುವ ಟೆಕ್ಸಸ್‌ನಲ್ಲಿ 2 ಔನ್ಸ್‌ಗಿಂತ ಕಡಿಮೆ ಸಿಕ್ಕರೂ 180 ದಿನದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ಎಡಿಸನ್‌ನಿಂದ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕಾರಿನಲ್ಲಿ ಹೋಗುವವರು ಪೆನ್ಸಿಲ್ವೇನಿಯಾ ರಾಜ್ಯದೊಳಗೆ ಹೋಗಬೇಕು. ಅಲ್ಲಿ ರೋಗಿಗಳಿಗೆ ಮಾತ್ರ ಬಿಟ್ಟಿದ್ದಾರೆ, ಉಳಿದವರಿಗೆ 30 ಗ್ರಾಂ ಒಳಗಿದ್ದರೂ 30 ದಿನದವರೆಗೆ ಜೈಲು ಆಗಬಹುದು. ಗಾಂಜಾ ಇಟ್ಟುಕೊಂಡು ರಾಜ್ಯದ ಗಡಿ ದಾಟುವುದೇ ಫೆಡರಲ್ ಅಪರಾಧ, ಎರಡೂ ಕಡೆ ಕಾನೂನುಬದ್ಧವಾಗಿದ್ದರೂ. ಕೊಲರಾಡೊದ ಅಂಗಡಿಯಲ್ಲಿ ಕೊಂಡು ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್ ಒಳಗೆ ಹೋದರೆ ನೀವು ಫೆಡರಲ್ ನೆಲದಲ್ಲಿದ್ದೀರಿ. ಅಲ್ಲಿ ಮೊದಲ ಸಲ ಸಿಕ್ಕಿಬಿದ್ದರೂ ಒಂದು ವರ್ಷದವರೆಗೆ ಜೈಲು, ಕನಿಷ್ಠ 1,000 ಡಾಲರ್ ದಂಡ. ಆಮೇಲೆ ಕೇಸ್ ಅಳಿಸಿಹಾಕಿದರು ಎಂದು ಕೆಲವರು ನೆಮ್ಮದಿಯಾಗಿರುತ್ತಾರೆ. ರಾಜ್ಯದ ಕೋರ್ಟ್ ಅಳಿಸಿದ್ದನ್ನು ವಲಸೆ ಕಾನೂನು ಸಾಮಾನ್ಯವಾಗಿ ಅಳಿಸಿದೆ ಎಂದು ಒಪ್ಪುವುದಿಲ್ಲ.

ಇನ್ನು ಅಮ್ಮನ ವಿಷಯ. ಮಂಡಿನೋವಿಗೆ ಏನಾದರೂ ಮಾಡಬೇಕೆಂಬ ನಿಮ್ಮ ಆಸೆ ಅರ್ಥವಾಗುತ್ತದೆ. ಆದರೆ ಡಿಸ್ಪೆನ್ಸರಿಯ ಕ್ರೀಮ್ ಬೇಡ. ಮೆಡಿಕಲ್ ಕಾರ್ಡ್ ನ್ಯೂಜೆರ್ಸಿ ನಿವಾಸಿಗಳಿಗೆ ಮಾತ್ರ, ಪ್ರವಾಸಿ ವೀಸಾದವರಿಗೆ ಸಿಗುವುದಿಲ್ಲ. 21 ದಾಟಿದವರು ಎಂಬ ಲೆಕ್ಕದಲ್ಲಿ ಅಂಗಡಿಯವರು ಮಾರುತ್ತಾರೆ, ನಿಜ. ಆದರೆ ಮುಂದಿನ ಸಲ ವೀಸಾಗೆ ಡಿಎಸ್-160 ಅರ್ಜಿ ತುಂಬುವಾಗ ಅಮ್ಮನಿಗೂ ಡ್ರಗ್ಸ್ ಕಾನೂನಿನ ಪ್ರಶ್ನೆ ಬರುತ್ತದೆ. ನ್ಯೂಅರ್ಕ್ ಏರ್‌ಪೋರ್ಟಿನ ಅಧಿಕಾರಿಗೆ ಬ್ಯಾಗ್ ಮಾತ್ರವಲ್ಲ, ಫೋನ್ ನೋಡುವ ಅಧಿಕಾರವೂ ಇದೆ. ವಯಸ್ಸಾದವರನ್ನು ಆ ಕೌಂಟರಿನಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವಂತೆ ಮಾಡಬೇಡಿ.

ಮಾಮೂಲಿ ಅಂಗಡಿಗಳಲ್ಲಿ ಸಿಗುವ ಹೆಂಪ್ (ಗಾಂಜಾ ಗಿಡದ್ದೇ ನಶೆ ಕಡಿಮೆ ಇರುವ ತಳಿ) ಸಿಬಿಡಿ ಕ್ರೀಮ್ ಬೇರೆ. 2018ರ ಫಾರ್ಮ್ ಕಾಯ್ದೆ 0.3% ಒಳಗೆ ಟಿಎಚ್‌ಸಿ ಇರುವ ಹೆಂಪನ್ನು ನಿಷೇಧದ ಪಟ್ಟಿಯಿಂದ ಹೊರಗಿಟ್ಟಿತು. ಆ ಸಂದಿಯಲ್ಲೇ ಪೆಟ್ರೋಲ್ ಬಂಕುಗಳಲ್ಲಿ ನಶೆ ಏರಿಸುವ ಡೆಲ್ಟಾ-8 ಗಮ್ಮಿಗಳೂ ನುಗ್ಗಿದವು. 2025ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಹೆಂಪ್‌ನ ವ್ಯಾಖ್ಯೆಯನ್ನು ಬಿಗಿ ಮಾಡಿತು, ಜಾರಿಗೆ ಒಂದು ವರ್ಷದ ಗಡುವು ಕೊಟ್ಟಿತು. ಲೇಬಲ್ ನಂಬಿ ಕೊಳ್ಳುವ ಕಾಲ ಇದಲ್ಲ. ಅಮ್ಮ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಿಬಿಡಿ ಎಣ್ಣೆ, ಮಾತ್ರೆ, ಗಮ್ಮಿ ಯಾವುದನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಊರಿಗೆ ಕಳಿಸುವುದಂತೂ ಖಂಡಿತ ಬೇಡ. ಭಾರತದ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂವು, ಕಾಯಿ ಬಿಟ್ಟ ತುದಿಗಳು. ಬರೀ ಎಲೆ ಮತ್ತು ಬೀಜ ಅದರ ಹೊರಗಿವೆ. ಹಾಗಾಗಿಯೇ ಕೆಲವು ರಾಜ್ಯಗಳಲ್ಲಿ ಲೈಸೆನ್ಸ್ ಪಡೆದು ಭಂಗಿ ಮಾರುತ್ತಾರೆ. ಭಂಗಿ ಈ ಕಾಯ್ದೆಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿದೆ. ಆದರೆ ನಿಮ್ಮ ಕ್ರೀಮಿನಲ್ಲೋ ಗಮ್ಮಿಯಲ್ಲೋ ಇರುವುದು ಎಲೆಯಲ್ಲ, ಗಿಡದಿಂದ ತೆಗೆದ ಸಾರ. ಗಟ್ಟಿ ಮಾಡಿದ ಸಾರ, ಎಣ್ಣೆಗಳನ್ನು ಅದೇ ಕಾಯ್ದೆ ಚರಸ್ ಎಂದು ಕರೆಯುತ್ತದೆ. ಚರಸ್‌ಗೆ ಸಣ್ಣ ಪ್ರಮಾಣದ ಮಿತಿ 100 ಗ್ರಾಂ, ಗಾಂಜಾಕ್ಕೆ 1 ಕೆಜಿ. 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬೆರೆಸಿದ ಬೇರೆ ವಸ್ತುವಿನ ತೂಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು ಎಂದಿದೆ. ಅಂದರೆ ಗಮ್ಮಿಯ ಸಕ್ಕರೆ, ಕ್ರೀಮಿನ ಮೇಣ ಎಲ್ಲವೂ ತೂಕದಲ್ಲಿ ಸೇರುವ ಅಪಾಯವಿದೆ. ಎರಡು ಡಬ್ಬಿ ಕ್ರೀಮ್ 100 ಗ್ರಾಂ ದಾಟಲು ಎಷ್ಟು ಹೊತ್ತು? ದಾಟಿದರೆ ಶಿಕ್ಷೆ 10 ವರ್ಷದವರೆಗೂ ಹೋಗುತ್ತದೆ. ದುಬೈ, ಅಬುಧಾಬಿ ಅಥವಾ ದೋಹಾ ಮೇಲೆ ಹೋಗುವ ವಿಮಾನವಾದರೆ ನಡುವೆ ಅಲ್ಲಿನ ಕಾನೂನೂ ಇದೆ, ಅದೂ ಬಹಳ ಕಟ್ಟುನಿಟ್ಟು. ಅಮ್ಮನಿಗೆ ಇಲ್ಲಿಂದ ಏನಾದರೂ ಕಳಿಸಲೇಬೇಕೆಂದರೆ ಫಾರ್ಮಸಿಯಲ್ಲಿ ಸಿಗುವ ಡೈಕ್ಲೋಫಿನಾಕ್ ಜೆಲ್ ಸಾಕು. ಅದೂ ಅವರ ಡಾಕ್ಟರನ್ನು ಕೇಳಿ.

ಈಗ ಮಾಡಬೇಕಾದ ಕೆಲಸ. ಸಿವಿಲ್ ಸರ್ಜನ್ ಅಪಾಯಿಂಟ್‌ಮೆಂಟನ್ನು ಮುಂದಕ್ಕೆ ಹಾಕಿಸಿ. ವಲಸೆ ಮತ್ತು ಕ್ರಿಮಿನಲ್ ಕಾನೂನು ಎರಡೂ ಬಲ್ಲ ವಕೀಲರ ಜೊತೆ ಸಮಯ ತೆಗೆದುಕೊಳ್ಳಿ. ಯಾವಾಗ, ಎಲ್ಲಿ, ಎಷ್ಟು ಎಂದು ಅವರಿಗೆ ಒಂದನ್ನೂ ಮುಚ್ಚಿಡದೆ ಹೇಳಿ. ಅಲ್ಲಿ ಹೇಳಿದ್ದಕ್ಕೆ ಕಾನೂನಿನ ರಕ್ಷಣೆಯಿದೆ. ಸಹಿಗೆ ಬಂದ ಐ-485, ಮಗನ ಜನನ ಪ್ರಮಾಣಪತ್ರ, ಹಿಂದಿನ ವೀಸಾ ಅರ್ಜಿಗಳಲ್ಲಿ ಇದೇ ಪ್ರಶ್ನೆಗೆ ನೀವು ಕೊಟ್ಟ ಉತ್ತರಗಳ ಪ್ರತಿ, ಇಷ್ಟನ್ನೂ ತೆಗೆದುಕೊಂಡು ಹೋಗಿ. ಡೆನ್ವರ್ ಪ್ರವಾಸದ ನಂತರ ಯಾವುದಾದರೂ ವೀಸಾ ಸ್ಟ್ಯಾಂಪಿಂಗ್ ಆಗಿದ್ದರೆ ಅದನ್ನು ಮೊದಲೇ ತಿಳಿಸಿ. ಆಗಿನ ಉತ್ತರ ತಪ್ಪಾಗಿದ್ದರೆ, ಅಧಿಕಾರಿ ಕೇಳುವ ಮೊದಲೇ ತಿದ್ದಿಕೊಳ್ಳಲು ಆಗುತ್ತದೆಯೇ ಎಂದು ವಕೀಲರು ಅಲ್ಲಿಂದಲೇ ನೋಡಲು ಶುರು ಮಾಡಬೇಕಾಗುತ್ತದೆ.